ಅರ್ಧ ಕಳೆದುಹೋದ ವಿಳಾಸ: ನೆಟ್‌ವರ್ಕ್ ಡ್ರೈವರ್‌ಗಳು 64 ಬಿಟ್‌ಗೆ ದಾಟಿದ ಕಥೆ

ನೆಟ್‌ವರ್ಕ್ ಕಾರ್ಡು ಕಂಪ್ಯೂಟರಿನ ಮೆಮೊರಿಯನ್ನು ತಾನೇ ಓದುತ್ತದೆ, ತಾನೇ ಬರೆಯುತ್ತದೆ. ಒಂದೊಂದು ಬೈಟನ್ನೂ ಪ್ರೊಸೆಸರ್ ಸಾಗಿಸಬೇಕಾಗಿಲ್ಲ. ಈ ಏರ್ಪಾಟಿಗೆ ಡಿಎಂಎ ಎಂದು ಹೆಸರು. ಕಾರ್ಡನ್ನು ನಡೆಸುವ ಡ್ರೈವರ್, ಮೆಮೊರಿಯಲ್ಲಿ ಡಿಸ್ಕ್ರಿಪ್ಟರ್‌ಗಳ ಸಾಲೊಂದನ್ನು ಸಿದ್ಧ ಮಾಡಿಡುತ್ತದೆ. ಪ್ಯಾಕೆಟ್ ಇರುವ ಜಾಗ ಯಾವುದು, ಅದರ ಉದ್ದ ಎಷ್ಟು, ಸದ್ಯ ಅದು ಯಾರ ವಶದಲ್ಲಿದೆ ಎಂಬ ಮೂರು ಸಂಗತಿಗಳು ಪ್ರತಿ ಡಿಸ್ಕ್ರಿಪ್ಟರ್‌ನಲ್ಲೂ ಇರುತ್ತವೆ. ಇಲ್ಲಿ ಬರೆದ ವಿಳಾಸ ತಪ್ಪಿದರೆ ಕಾರ್ಡು ಬೇರೆ ಯಾವುದೋ ಮೆಮೊರಿಯ ಮೇಲೆ ಪ್ಯಾಕೆಟ್ ಸುರಿಯುತ್ತದೆ. ಆಗ ಪ್ರೊಸೆಸರ್‌ಗೆ ಏನೂ ಗೊತ್ತಾಗುವುದಿಲ್ಲ. ಕೆಡುಕು ಬಯಲಾಗುವುದು ಎಷ್ಟೋ ಹೊತ್ತಿನ ಮೇಲೆ, ಸಂಬಂಧವೇ ಇಲ್ಲದ ಇನ್ನೊಂದು ಕಡೆ. ಕಂಪ್ಯೂಟರ್‌ಗಳು 32 ಬಿಟ್‌ನಿಂದ 64 ಬಿಟ್‌ಗೆ ದಾಟಿದ ವರ್ಷಗಳಲ್ಲಿ ವಿಳಾಸದ ಅಳತೆಗೆ ಸಂಬಂಧಿಸಿದ ದೋಷಗಳು ಈ ಡ್ರೈವರ್‌ಗಳನ್ನು ಬಹಳ ಕಾಡಿದ್ದಕ್ಕೆ ಇದೇ ಕಾರಣ.

ದೋಷದ ಬೇರು 64 ಬಿಟ್ ಯಂತ್ರಗಳಿಗಿಂತ ಹಳೆಯದು. 1977ರಲ್ಲಿ ಡಿಜಿಟಲ್ ಕಂಪನಿ ತಂದ ವ್ಯಾಕ್ಸ್ ಯಂತ್ರದ ಯುನಿಕ್ಸ್‌ನಲ್ಲಿ ಸಿ ಭಾಷೆಯ ಇಂಟ್, ಲಾಂಗ್, ಪಾಯಿಂಟರ್ ಮೂರೂ 32 ಬಿಟ್‌ನವು. ಪಾಯಿಂಟರನ್ನು ಇಂಟ್‌ನಲ್ಲಿ ಇಟ್ಟು ಮತ್ತೆ ತೆಗೆದರೆ ಏನೂ ಕೆಡುತ್ತಿರಲಿಲ್ಲ. ಹೀಗಾಗಿ ಇಂಟ್ ಮತ್ತು ಪಾಯಿಂಟರ್ ಒಂದೇ ಅಳತೆಯವು ಎಂಬ ನಂಬಿಕೆ ಒಂದು ಪೀಳಿಗೆಯ ಪ್ರೋಗ್ರಾಮರ್‌ಗಳ ಕೈಗೆ ಅಂಟಿಕೊಂಡಿತು. 1983ರ 4.2 ಬಿಎಸ್‌ಡಿ ಯುನಿಕ್ಸ್ ಇಂಟರ್ನೆಟ್ ವಿಳಾಸವನ್ನು ಲಾಂಗ್ ಎಂದೇ ಘೋಷಿಸಿತ್ತು. ಐಪಿ ವಿಳಾಸ ಎಂದಿಗೂ 4 ಬೈಟ್‌ನದು. ಆದರೆ ಲಾಂಗ್ ಎಂಬುದು 8 ಬೈಟ್ ಆಗುವ ಯಂತ್ರ ಬಂದ ದಿನ ಆ ಘೋಷಣೆ ಸುಳ್ಳಾಯಿತು. ಮುಂದೆ ಅದನ್ನು 32 ಬಿಟ್ ಎಂದು ಸ್ಪಷ್ಟವಾಗಿ ಹೇಳುವ ಪ್ರಕಾರಕ್ಕೆ ಬದಲಾಯಿಸಬೇಕಾಯಿತು.

ಅಂಥ ಯಂತ್ರವನ್ನು ತಂದದ್ದೂ ಡಿಜಿಟಲ್ ಕಂಪನಿಯೇ. 1992ರಲ್ಲಿ ಅದು ಆಲ್ಫಾ ಪ್ರೊಸೆಸರನ್ನು ಹೊರತಂದಿತು. ಆಲ್ಫಾದ ಯುನಿಕ್ಸ್‌ನಲ್ಲಿ ಇಂಟ್ 32 ಬಿಟ್‌ಗೇ ನಿಂತಿತು. ಲಾಂಗ್ ಮತ್ತು ಪಾಯಿಂಟರ್ 64ಕ್ಕೆ ಬೆಳೆದವು. ಎಲ್‌ಪಿ64 ಎಂದು ಕರೆಯುವ ಈ ಹಂಚಿಕೆಯನ್ನೇ ಲಿನಕ್ಸ್ ಕೂಡ ಒಪ್ಪಿಕೊಂಡಿತು. ಡಿಜಿಟಲ್‌ನಲ್ಲಿದ್ದ ಜಾನ್ ಹಾಲ್ ಅವರು ಲಿನಸ್ ಟೊರ್ವಾಲ್ಡ್ಸ್ ಅವರಿಗೆ ಆಲ್ಫಾ ಯಂತ್ರವೊಂದನ್ನು ಒದಗಿಸಿದರು. 1995ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 1.2ರಲ್ಲಿ ಆಲ್ಫಾಕ್ಕೆ ಬೆಂಬಲ ಸೇರಿತ್ತು. ಅದೇ ಕಾಲದಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಡೊನಾಲ್ಡ್ ಬೆಕರ್ ಅವರು ಲಿನಕ್ಸ್‌ಗಾಗಿ ಒಂದರ ಹಿಂದೊಂದು ಈಥರ್ನೆಟ್ ಡ್ರೈವರ್ ಬರೆಯುತ್ತಿದ್ದರು. 1994ರಲ್ಲಿ ಬೇವುಲ್ಫ್ ಎಂಬ ಸಮೂಹ ಕಂಪ್ಯೂಟರ್ ಕಟ್ಟಿದವರಲ್ಲಿ ಅವರೂ ಒಬ್ಬರು. ಡಿಜಿಟಲ್‌ನ 21040 ಚಿಪ್‌ಗೆ, ಅಂದರೆ ‘ಟ್ಯೂಲಿಪ್’ ಎಂದು ಹೆಸರಾದ ಚಿಪ್‌ಗೆ, ಲಿನಕ್ಸ್ ಡ್ರೈವರ್ ಬರೆದವರೂ ಅವರೇ.

ಪಾಯಿಂಟರಿನ ಅಳತೆ ಡ್ರೈವರನ್ನು ಕೆಡಿಸುವ ಬಗೆಯನ್ನು ಟ್ಯೂಲಿಪ್ ಡಿಸ್ಕ್ರಿಪ್ಟರ್‌ನಲ್ಲೇ ನೋಡಬಹುದು. ಚಿಪ್‌ನ ಲೆಕ್ಕದಲ್ಲಿ ಅದು ನಾಲ್ಕು ಪದಗಳದು: ಸ್ಥಿತಿ, ಉದ್ದ, ಮೊದಲ ಬಫರ್‌ನ ವಿಳಾಸ, ಎರಡನೆಯ ಬಫರ್‌ನ ವಿಳಾಸ. ಒಂದೊಂದು ಪದ 4 ಬೈಟ್, ಒಟ್ಟು 16. ಡ್ರೈವರ್‌ನಲ್ಲಿ ಮೊದಲೆರಡನ್ನು ಇಂಟ್ ಎಂದೂ ಬಫರ್‌ಗಳನ್ನು ಪಾಯಿಂಟರ್ ಎಂದೂ ಬರೆದರೆ 32 ಬಿಟ್‌ನ 386 ಯಂತ್ರದಲ್ಲಿ ಲೆಕ್ಕ ಸರಿಹೋಗುತ್ತದೆ. ಆಲ್ಫಾದಲ್ಲಿ ಅದೇ ರಚನೆ 4, 4, 8, 8 ಸೇರಿ 24 ಬೈಟ್ ಆಗುತ್ತದೆ. ಆದರೂ ಮೊದಲ ಡಿಸ್ಕ್ರಿಪ್ಟರ್‌ನಲ್ಲಿ ಚಿಪ್‌ಗೆ ಅನುಮಾನ ಬರುವುದಿಲ್ಲ. ಪಾಯಿಂಟರಿನ ಕೆಳಗಿನ ಅರ್ಧ ಮೊದಲ ಬಫರ್‌ನ ಜಾಗದಲ್ಲೇ ಕೂರುತ್ತದೆ. ಮೇಲಿನ ಅರ್ಧ ಎರಡನೆಯ ಬಫರ್‌ನ ಜಾಗಕ್ಕೆ ಬಿದ್ದರೂ ಆ ಬಫರ್‌ನ ಉದ್ದ ಸೊನ್ನೆ ಎಂದಿರುವುದರಿಂದ ಚಿಪ್ ಅದನ್ನು ಗಮನಿಸುವುದಿಲ್ಲ. ಎಡವುವುದು ಎರಡನೆಯ ಡಿಸ್ಕ್ರಿಪ್ಟರ್‌ನಲ್ಲಿ. ಚಿಪ್ ಅದನ್ನು 16ನೇ ಬೈಟಿನಲ್ಲಿ ಹುಡುಕುತ್ತದೆ; ಡ್ರೈವರ್ ಅದನ್ನು ಇಟ್ಟಿರುವುದು 24ನೇ ಬೈಟಿನಲ್ಲಿ. 16ನೇ ಬೈಟಿನಲ್ಲಿ ಇರುವುದು ಬಳಸದ ಎರಡನೆಯ ಪಾಯಿಂಟರಿನ ಸೊನ್ನೆಗಳು. ಸ್ಥಿತಿಯ ಜಾಗದಲ್ಲಿ ಸೊನ್ನೆ ಕಂಡರೆ ‘ಇದು ಇನ್ನೂ ನನ್ನ ವಶಕ್ಕೆ ಬಂದಿಲ್ಲ’ ಎಂದು ಚಿಪ್ ಅರ್ಥ ಮಾಡಿಕೊಂಡು ನಿಂತುಬಿಡುತ್ತದೆ. ಹೊರಗೆ ಕಾಣುವ ಲಕ್ಷಣ ಇಷ್ಟೇ: ಒಂದು ಪ್ಯಾಕೆಟ್ ಬಂತು, ಆಮೇಲೆ ಮೌನ.

ಇದಕ್ಕೆ ಮದ್ದು ಸುಲಭವಾಗಿತ್ತು. ಯಂತ್ರಾಂಶ ಓದುವ ರಚನೆಗಳಲ್ಲಿ ಪಾಯಿಂಟರ್, ಲಾಂಗ್, ಇಂಟ್ ಯಾವುದನ್ನೂ ಬಳಸದೆ 32 ಬಿಟ್, 64 ಬಿಟ್ ಎಂದು ಅಳತೆಯನ್ನೇ ಹೇಳುವ ಪ್ರಕಾರಗಳನ್ನು ಬಳಸುವುದು. ಟ್ಯೂಲಿಪ್ ಸೇರಿದಂತೆ ಲಿನಕ್ಸ್‌ನ ಡ್ರೈವರ್‌ಗಳು ಈ ದಾರಿಗೆ ಬಂದವು.

ಅಳತೆ ಸರಿಯಾದ ಮೇಲೆ ಇನ್ನೂ ಆಳದ ತಪ್ಪೊಂದು ಕಾಣಿಸಿತು. ಒಂದೇ ಜಮೀನಿಗೆ ಊರವರ ಬಾಯಲ್ಲಿ ಒಂದು ಹೆಸರು, ಪಹಣಿಯಲ್ಲಿ ಒಂದು ಸರ್ವೆ ನಂಬರ್ ಇರುವಂತೆ ಮೆಮೊರಿಯ ಒಂದೇ ಜಾಗಕ್ಕೆ ಮೂರು ವಿಳಾಸಗಳಿವೆ. ಪ್ರೋಗ್ರಾಂ ಬಳಸುವುದು ವರ್ಚುವಲ್ ವಿಳಾಸ. ಮೆಮೊರಿ ಚಿಪ್‌ಗಳ ಲೆಕ್ಕದ್ದು ಭೌತಿಕ ವಿಳಾಸ. ಪಿಸಿಐ ಬಸ್ಸಿನ ಮೇಲೆ ಕೂತ ಕಾರ್ಡಿಗೆ ಕಾಣುವುದು ಬಸ್ ವಿಳಾಸ. ಸಾಮಾನ್ಯ ಪಿಸಿಗಳಲ್ಲಿ ಕೊನೆಯ ಎರಡೂ ಒಂದೇ ಆಗಿದ್ದವು. ಹಲವು ಆಲ್ಫಾ ಯಂತ್ರಗಳಲ್ಲಿ ಹಾಗಿರಲಿಲ್ಲ. ಅಲ್ಲಿ ಬಸ್ಸಿನ ಕಡೆಯಿಂದ ನೋಡಿದರೆ ಮೆಮೊರಿ ಶುರುವಾಗುತ್ತಿದ್ದುದೇ 1 ಜಿಬಿ ಗುರುತಿನಿಂದ. ಸನ್ ಕಂಪನಿಯ 64 ಬಿಟ್ ಸ್ಪಾರ್ಕ್ ಯಂತ್ರಗಳು ಇನ್ನೂ ಮುಂದೆ ಹೋಗಿದ್ದವು. ಅಲ್ಲಿ ಬಸ್ಸಿಗೂ ಮೆಮೊರಿಗೂ ನಡುವೆ ಐಒಎಂಎಂಯು ಎಂಬ ಅನುವಾದಕ ಇತ್ತು. ಬಸ್ ವಿಳಾಸವನ್ನು ಪ್ರತಿ ಬಾರಿ ಕೇಳಿ ಪಡೆಯಬೇಕಿತ್ತು, ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕಿತ್ತು. ಪಾಯಿಂಟರಿಗೆ ಒಂದು ಸಂಖ್ಯೆ ಕೂಡಿಸಿ ಬಸ್ ವಿಳಾಸ ಮಾಡಿಕೊಳ್ಳುವ ಹಳೆಯ ಪದ್ಧತಿ ಅಲ್ಲಿ ನಡೆಯುತ್ತಿರಲಿಲ್ಲ.

ಲಿನಕ್ಸ್ ಅನ್ನು ಸ್ಪಾರ್ಕ್‌ಗೆ ತಂದ ಡೇವಿಡ್ ಮಿಲ್ಲರ್ ಅವರು ರಿಚರ್ಡ್ ಹೆಂಡರ್ಸನ್ ಮತ್ತು ಯಾಕುಬ್ ಯೆಲಿನೆಕ್ ಅವರ ಜೊತೆ ಸೇರಿ ಡ್ರೈವರ್ ಬರೆಯುವವರಿಗಾಗಿ ಹೊಸ ಡಿಎಂಎ ನಿಯಮಾವಳಿಯನ್ನು ಬರೆದರು. 2001ರ ಜನವರಿಯಲ್ಲಿ ಬಿಡುಗಡೆಯಾದ ಲಿನಕ್ಸ್ 2.4ರಲ್ಲಿ ಈ ವ್ಯವಸ್ಥೆ ಇತ್ತು. ಬಸ್ ವಿಳಾಸಕ್ಕೆ ಪ್ರತ್ಯೇಕ ಪ್ರಕಾರ ಬಂತು. ತನ್ನ ಕಾರ್ಡು ಎಷ್ಟು ಬಿಟ್‌ಗಳವರೆಗೆ ವಿಳಾಸ ಹೇಳಬಲ್ಲದು ಎಂಬುದನ್ನು ಡ್ರೈವರ್ ಮೊದಲೇ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ತಿಳಿಸಬೇಕೆಂಬ ನಿಯಮ ಬಂತು. ಡ್ರೈವರ್ ಬರೆಯುವವರು ವಿಳಾಸದ ಲೆಕ್ಕವನ್ನು ತಾವೇ ಹಾಕುವ ಕಾಲ ಅಲ್ಲಿಗೆ ಮುಗಿಯತೊಡಗಿತು.

ಈ ಶಿಸ್ತು ಎಲ್ಲರಿಗೂ ಬೇಕಾಗಿ ಬಂದದ್ದು ಸಾಮಾನ್ಯ ಪಿಸಿಗಳಲ್ಲಿ 4 ಜಿಬಿಗಿಂತ ಹೆಚ್ಚಿನ ಮೆಮೊರಿ ಕೂತಾಗ. 1995ರ ಪೆಂಟಿಯಂ ಪ್ರೊ 36 ಬಿಟ್ ಭೌತಿಕ ವಿಳಾಸ ತಂದಿತ್ತು. ಅಲ್ಲಿ ಪಾಯಿಂಟರ್ 32 ಬಿಟ್, ಭೌತಿಕ ವಿಳಾಸ 36 ಬಿಟ್. ಭೌತಿಕ ವಿಳಾಸವನ್ನು ಲಾಂಗ್‌ನಲ್ಲಿ ಇಟ್ಟವರು ಮೇಲಿನ 4 ಬಿಟ್ ಕಳೆದುಕೊಂಡರು. 2003ರ ಏಪ್ರಿಲ್‌ನಲ್ಲಿ ಎಎಂಡಿ ಆಪ್ಟರಾನ್ ಬಂದ ಮೇಲೆ 64 ಬಿಟ್ ಎಂಬುದು ಮನೆಮಾತಾಯಿತು. ಪ್ರೊಸೆಸರ್‌ಗಳು ಬದಲಾದರೂ ಕಾರ್ಡುಗಳು ಹಳೆಯವೇ ಆಗಿದ್ದವು. ಬ್ರಾಡ್‌ಕಾಮ್ 4401 ಚಿಪ್ 30 ಬಿಟ್‌ಗಳ ವಿಳಾಸವನ್ನಷ್ಟೇ ಹೇಳಬಲ್ಲದು. 1 ಜಿಬಿಯ ಆಚೆಗೆ ಅದಕ್ಕೆ ಕೈ ಎಟಕದು. ಇಂಟೆಲ್‌ನ ಮೊದಲ 64 ಬಿಟ್ ಪಿಸಿಗಳಲ್ಲಿ ಐಒಎಂಎಂಯು ಕೂಡ ಇರಲಿಲ್ಲ. ಅಂಥಲ್ಲಿ ಕರ್ನಲ್ ಕೆಳಗಿನ ಮೆಮೊರಿಯಲ್ಲಿ ಒಂದಿಷ್ಟು ಜಾಗ ಕಾದಿರಿಸಿ, ಪ್ಯಾಕೆಟ್ಟನ್ನು ಅಲ್ಲಿಗೆ ನಕಲು ಮಾಡಿ ಕಾರ್ಡಿಗೆ ಕೊಟ್ಟಿತು. ವೇಗ ಕುಗ್ಗಿದರೂ ದತ್ತಾಂಶ ಕೆಡಲಿಲ್ಲ.

ಕೆಲವೊಮ್ಮೆ ತಪ್ಪು ಚಿಪ್‌ನಲ್ಲೇ ಇರುತ್ತಿತ್ತು. ಬ್ರಾಡ್‌ಕಾಮ್‌ನ ಟೈಗಾನ್ 3 ಗಿಗಾಬಿಟ್ ಚಿಪ್‌ಗಳಲ್ಲಿ ಕೆಲವು 64 ಬಿಟ್ ವಿಳಾಸವನ್ನು ಒಪ್ಪುತ್ತಿದ್ದವು, ಆದರೆ ಒಂದು ಬಫರ್ 4 ಜಿಬಿ ಗಡಿಯ ಈಚೆ ಶುರುವಾಗಿ ಆಚೆ ಮುಗಿದರೆ ಮುಗ್ಗರಿಸುತ್ತಿದ್ದವು. ಮಿಲ್ಲರ್ ಮತ್ತು ಜೆಫ್ ಗಾರ್ಜಿಕ್ ಬರೆದ ಡ್ರೈವರ್‌ನಲ್ಲಿ ಇದಕ್ಕೊಂದು ಪುಟ್ಟ ಪರೀಕ್ಷೆ ಇದೆ: ವಿಳಾಸದ ಕೆಳಗಿನ 32 ಬಿಟ್‌ಗೆ ಉದ್ದವನ್ನು ಕೂಡಿದಾಗ ಮೊತ್ತ ಮೊದಲಿಗಿಂತ ಚಿಕ್ಕದಾದರೆ ಗಡಿ ದಾಟಿದೆ ಎಂದು ಅರ್ಥ. ಆಗ ಪ್ಯಾಕೆಟ್ಟನ್ನು ಬೇರೆ ಜಾಗಕ್ಕೆ ನಕಲು ಮಾಡಿ ಕಳಿಸಲಾಗುತ್ತದೆ.

ಇಂಥ ದೋಷಗಳನ್ನು ಪತ್ತೆ ಹಚ್ಚುವ ಕುಶಲತೆಯೂ ಇದೇ ವರ್ಷಗಳಲ್ಲಿ ಬೆಳೆಯಿತು. ಮೊದಲ ಉಪಾಯ ಮೆಮೊರಿಯನ್ನು ಕಡಿಮೆ ಮಾಡಿ ನೋಡುವುದು. ಬೂಟ್ ಮಾಡುವಾಗ ಕರ್ನಲ್‌ಗೆ 2 ಜಿಬಿ ಮಾತ್ರ ಬಳಸಲು ಹೇಳಿದಾಗ ಸರಿಯಿದ್ದು, ಪೂರ್ತಿ 8 ಜಿಬಿ ಕೊಟ್ಟಾಗ ಕೆಟ್ಟರೆ ಅನುಮಾನ ವಿಳಾಸದ ಮೇಲೆಯೇ. ಎರಡನೆಯದು ಕರ್ನಲ್ ಕುಸಿದಾಗ ಅಚ್ಚಾಗುವ ವಿಳಾಸವನ್ನು ಓದುವುದು. 64 ಬಿಟ್ ಪಿಸಿಯಲ್ಲಿ ಕರ್ನಲ್ ವಿಳಾಸಗಳು ನಾಲ್ಕು ಎಫ್‌ಗಳಿಂದ ಶುರುವಾಗುತ್ತವೆ. ಕುಸಿದ ವಿಳಾಸದ ಮೇಲಿನ ಎಂಟು ಅಂಕಿಗಳೂ ಸೊನ್ನೆಯಾಗಿದ್ದರೆ ಪಾಯಿಂಟರ್ ದಾರಿಯಲ್ಲೆಲ್ಲೋ 32 ಬಿಟ್‌ನ ಜಾಗವೊಂದರ ಮೂಲಕ ಹಾದುಬಂದಿರಬಹುದು. ಎಂಟೂ ಎಫ್ ಆಗಿದ್ದರೆ ಆ ಜಾಗ ಚಿಹ್ನೆಯುಳ್ಳ ಇಂಟ್ ಆಗಿದ್ದ ಸಾಧ್ಯತೆ ಹೆಚ್ಚು; ಇಂಟ್ ಹಿಗ್ಗುವಾಗ ತನ್ನ ಮೇಲ್ತುದಿಯ ಬಿಟ್ಟನ್ನು ಉದ್ದಕ್ಕೂ ಎಳೆಯುತ್ತದೆ. ಘೋಷಣೆಯಿಲ್ಲದೆ ಕರೆದ ಫಂಕ್ಷನ್‌ಗಳೂ ಇದೇ ಹಾನಿ ಮಾಡುತ್ತಿದ್ದವು: ಹಳೆಯ ಸಿ ನಿಯಮದಂತೆ ಅವು ಇಂಟ್ ಕೊಡುತ್ತವೆ ಎಂದುಕೊಂಡು ಕಂಪೈಲರ್ ಪಾಯಿಂಟರಿನ ಅರ್ಧವನ್ನು ಬಿಟ್ಟುಬಿಡುತ್ತಿತ್ತು. ಚಿಹ್ನೆಯಿಲ್ಲದ 32 ಬಿಟ್‌ನ 15ನ್ನು ತಿರುವುಮುರುವು ಮಾಡಿ ವಿಳಾಸಕ್ಕೆ ಮಾಸ್ಕ್ ಹಾಕಿದರೂ ಮೇಲಿನ 32 ಬಿಟ್ ಅಳಿಸಿಹೋಗುತ್ತದೆ. ಚಿಹ್ನೆಯುಳ್ಳ 15 ಆದರೆ ಅಳಿಸುವುದಿಲ್ಲ.

ಮನುಷ್ಯರ ಕಣ್ಣು ಇಷ್ಟನ್ನೆಲ್ಲ ಹಿಡಿಯಲಾರದು ಎಂಬುದು ಸ್ಪಷ್ಟವಾದಂತೆ ಕೆಲಸವನ್ನು ಉಪಕರಣಗಳಿಗೆ ವಹಿಸಲಾಯಿತು. ಟೊರ್ವಾಲ್ಡ್ಸ್ 2003ರಲ್ಲಿ ಸ್ಪಾರ್ಸ್ ಎಂಬ ಪರಿಶೀಲಕವನ್ನು ಶುರುಮಾಡಿದರು. ಬಳಕೆದಾರರ ಪಾಯಿಂಟರ್, ಸಾಧನದ ರಿಜಿಸ್ಟರ್‌ಗಳ ಪಾಯಿಂಟರ್, ಕರ್ನಲ್‌ನ ಪಾಯಿಂಟರ್ ಒಂದರೊಡನೊಂದು ಬೆರೆತರೆ ಅದು ಎಚ್ಚರಿಸುತ್ತದೆ. 2009ರಲ್ಲಿ ಡಿಎಂಎ ಕರೆಗಳನ್ನು ಲೆಕ್ಕವಿಟ್ಟು ತಪ್ಪು ತೋರಿಸುವ ವ್ಯವಸ್ಥೆ ಕರ್ನಲ್‌ಗೆ ಸೇರಿತು. ಪಿಸಿಗಳಿಗೂ ಐಒಎಂಎಂಯು ಬಂದ ಮೇಲೆ, ಕಾರ್ಡು ತನಗೆ ಕೊಡದ ವಿಳಾಸವನ್ನು ಮುಟ್ಟಿದ ಕ್ಷಣವೇ ಯಾವ ಕಾರ್ಡು, ಯಾವ ವಿಳಾಸ ಎಂಬುದು ಲಾಗ್‌ನಲ್ಲಿ ದಾಖಲಾಗತೊಡಗಿತು. 2024ರ ಜಿಸಿಸಿ 14 ಕಂಪೈಲರ್, ಘೋಷಣೆಯಿಲ್ಲದ ಫಂಕ್ಷನ್ ಕರೆಯನ್ನೂ ಪಾಯಿಂಟರ್ ಮತ್ತು ಇಂಟ್‌ಗಳ ಬೇಕಾಬಿಟ್ಟಿ ಅದಲುಬದಲನ್ನೂ ಬರೀ ಎಚ್ಚರಿಕೆಗೆ ಬಿಡದೆ ತಪ್ಪು ಎಂದೇ ತಿರಸ್ಕರಿಸುತ್ತದೆ.

ಮೂರು ದಶಕಗಳ ಈ ಅನುಭವ ಹೇಳುವುದು ಒಂದೇ. ಪ್ರೋಗ್ರಾಮರ್‌ಗಳಿಗೆ ಎಷ್ಟೇ ಬುದ್ಧಿವಾದ ಹೇಳಿದರೂ ವಿಳಾಸದ ದೋಷಗಳು ತಗ್ಗಲಿಲ್ಲ. ಒಂದೊಂದು ಬಗೆಯ ವಿಳಾಸಕ್ಕೂ ಅದರದೇ ಪ್ರಕಾರ ಕೊಟ್ಟು, ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟರೆ ಯಂತ್ರವೇ ತಡೆಯುವಂತೆ ಮಾಡಿದ ಮೇಲೆಯೇ ಅವು ತಗ್ಗಿದವು. ಹೊಸ ಡ್ರೈವರ್ ಬರೆಯುವವರು ಪಾಲಿಸಬೇಕಾದ ನಿಯಮವೂ ಇದೇ: ಯಂತ್ರಾಂಶದ ಜೊತೆ ಹಂಚಿಕೊಳ್ಳುವ ಪ್ರತಿ ಅಂಕಣದ ಅಳತೆಯನ್ನು ಬಾಯಿಬಿಟ್ಟು ಹೇಳಬೇಕು, ಕಂಪೈಲರ್‌ನ ಒಂದು ಎಚ್ಚರಿಕೆಯನ್ನೂ ಕಾಸ್ಟ್ (ಬಲವಂತದ ಪ್ರಕಾರ ಬದಲಾವಣೆ) ಹಾಕಿ ಬಾಯಿಮುಚ್ಚಿಸಬಾರದು.