ಆಯ್ದಕ್ಕಿ ದಂಪತಿಗಳು

ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದಿಂದ 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದ ಶರಣ ದಂಪತಿಗಳು ಮಾರಯ್ಯ, ಲಕ್ಕಮ್ಮ. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ತಂದರೆಂದು ಶರಣಚರಿತ್ರೆ ಹೇಳುತ್ತದೆ. ಲಕ್ಕಮ್ಮನವರು ಹಿಗ್ಗಲಿಲ್ಲ, ಇದು ಆಸೆಯ ಫಲ, ಹೆಚ್ಚಾದುದನ್ನು ಹಿಂದಿರುಗಿಸಬೇಕೆಂದರು. ಮಾರಯ್ಯನವರು ಮುನಿಯದೆ ಹಾಗೆಯೇ ಮಾಡಿದರು. ಹೆಂಡತಿಯ ಮಾತಿಗೆ ಕುಣಿಯುತ್ತಾನೆಂದು ನಕ್ಕವರು ಆಗಲೂ ಇದ್ದಿರಬೇಕು! ಇಂದು ನಮ್ಮ ಮುಂದೆ ವ್ಯಾಜ್ಯ ತರುವ ಮನೆಗಳಲ್ಲಿ ಗಳಿಸುವವನು ಗಂಡ. ಹೇಗೆ ಗಳಿಸಿದಿರೆಂದು ಕೇಳುವ ಅಧಿಕಾರ ಮಾತ್ರ ಹೆಂಡತಿಗಿಲ್ಲ. ಮಕ್ಕಳು ಅದನ್ನೇ ನೋಡಿ ಬೆಳೆಯುತ್ತವೆ. ಮಾರಯ್ಯನವರ ವಚನಗಳ ಅಂಕಿತ ‘ಅಮರೇಶ್ವರಲಿಂಗ’. ಲಕ್ಕಮ್ಮನವರದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಪತಿಯನ್ನು ನಿಷ್ಠುರವಾಗಿ ತಿದ್ದಿದ ವಚನಗಳಿಗೂ ಆ ತಾಯಿ ಆತನ ಹೆಸರಿನ ಅಂಕಿತವನ್ನೇ ಇಟ್ಟರು.