ಲೈಟ್ ಬಿಲ್ಲಿನ ಮನೇಲಿ ಕರೆಂಟ್ ಒಲೆ: ನಮ್ಮ ಅಡುಗೆಮನೆ ವೈರಿನ ಇತಿಹಾಸ

1/7
ಹೊಸ ಇಂಡಕ್ಷನ್ ಒಲೆಯ ಡಬ್ಬಿ ಒಡೆದ ತಕ್ಷಣ ನಾವು ಬಿಸಾಕೋದು ಎರಡು. ಒಂದು ಥರ್ಮೊಕೋಲು, ಇನ್ನೊಂದು ಆ ಪುಟ್ಟ ಪುಸ್ತಕ. ಅದರ ಮೊದಲ ಪುಟಗಳಲ್ಲಿ ಸಾಮಾನ್ಯವಾಗಿ ಮೂರು ಮಾತು ಇರುತ್ತೆ: 16 ಆಂಪಿಯರ್ ಸಾಕೆಟ್‌ಗೇ ಹಾಕಿ, ಅರ್ತಿಂಗ್ ಇರಲೇಬೇಕು, ಎಕ್ಸ್‌ಟೆನ್ಶನ್ ಬೋರ್ಡ್ ಬಳಸಬೇಡಿ. ನಮ್ಮ ಎಷ್ಟೋ ಮನೆಗಳಲ್ಲಿ ಈ ಮೂರೂ ನಡೆಯಲ್ಲ. ಯಾಕೆ? ಸೋಮಾರಿತನ ಅಂದ್ಕೋಬೇಡಿ. ಅದರ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಕಥೆ ಇದೆ. ಆ ಕಥೆ ನಮ್ಮ ಹೊಳೆಯಿಂದಲೇ ಶುರು.

2/7
ನಂಜನಗೂಡಿನ ಪಕ್ಕ ಹರಿಯೋ ಕಪಿಲೆ ಟಿ. ನರಸೀಪುರದ ತಿರುಮಕೂಡಲಲ್ಲಿ ಕಾವೇರಿ ಸೇರುತ್ತೆ. ಆ ಕೂಡಿದ ನೀರು ಮುಂದೆ ಶಿವನಸಮುದ್ರದಲ್ಲಿ ಧುಮುಕುತ್ತೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡ ಯೋಜನೆಯಂತೆ 1902ರಲ್ಲಿ ಅಲ್ಲಿ ಕರೆಂಟ್ ಹುಟ್ಟಿತು. ಟರ್ಬೈನ್ ಕೊಟ್ಟಿದ್ದು ಸ್ವಿಟ್ಜರ್ಲೆಂಡಿನ ಎಷರ್ ವಿಸ್, ವಿದ್ಯುತ್ ಯಂತ್ರ ಕೊಟ್ಟಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್. ಆ ಕರೆಂಟ್ ಮೊದಲು ಹೋಗಿದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ, 1908ರಲ್ಲಿ ಮೈಸೂರಿಗೆ. ನೀರು ನಮ್ಮ ಊರು ದಾಟಿಕೊಂಡೇ ಹೋಗ್ತಿತ್ತು. ಅಡುಗೆಮನೆಗೆ ಕರೆಂಟ್ ಬರೋ ಮಾತು ಮಾತ್ರ ಇನ್ನೂ ಬಹಳ ದೂರ ಇತ್ತು.

3/7
ಕರೆಂಟ್ ಹಳ್ಳಿಗಳಿಗೆ ಬಂದಾಗ ಮೊದಲು ದೀಪವಾಗಿ ಬಂತು. ನಮ್ಮ ಮಾತಲ್ಲೇ ಸಾಕ್ಷಿ ಇದೆ ನೋಡಿ: ಲೈಟ್ ಕಂಬ, ಲೈಟ್ ಬಿಲ್ಲು. ಫ್ರಿಜ್, ಮಿಕ್ಸಿ, ಗೀಸರ್ ಎಲ್ಲ ಇರೋ ಮನೇಲೂ ಅಜ್ಜಿ ಕೇಳೋದು "ಲೈಟ್ ಬಿಲ್ ಕಟ್ಟಿದ್ರಾ?" ಅಂತಾನೇ.
1957ರಲ್ಲಿ ಕೆಇಬಿ ಆಯ್ತು. 1979-80ರಲ್ಲಿ ಭಾಗ್ಯಜ್ಯೋತಿ ಯೋಜನೆ ಬಂತು. ಬಡವರ ಮನೆಗೆ ಒಂದು ದೀಪದ ಸಂಪರ್ಕ. ಸೀಮೆಎಣ್ಣೆ ಬುಡ್ಡಿಯ ಹೊಗೇಲಿ ಓದಿದವರಿಗೆ ಅದು ನಿಜವಾಗಲೂ ಭಾಗ್ಯವೇ. ಆದರೆ ವೈರ್ ಎಳೆದಿದ್ದು ಬಲ್ಬಿನ ಲೆಕ್ಕಕ್ಕೆ.
ಅದೇ ಕಾಲದ ಇನ್ನೊಂದು ಪದ ಎಇಎಚ್, ಅಂದ್ರೆ ಆಲ್ ಎಲೆಕ್ಟ್ರಿಕ್ ಹೋಂ. ದೀಪದ ಜೊತೆ ಕಾಯಿಸೋದಕ್ಕೂ ಮೋಟಾರಿಗೂ ಕರೆಂಟ್ ಬಳಸೋ ಮನೆಗಳನ್ನ ಕೆಇಬಿ ಹೀಗೆ ಗುರುತಿಸ್ತಿತ್ತು. ದೀಪದ ಮನೆ ಬೇರೆ, ಒಲೆಯ ಮನೆ ಬೇರೆ ಅನ್ನೋ ವಿವೇಕ ಆ ಲೆಕ್ಕದಲ್ಲೇ ಇತ್ತು.

4/7
ಈಗ ಬಿಕಾಂನವರಿಗೆ ಇಷ್ಟವಾಗೋ ಲೆಕ್ಕ. ನಮ್ಮಲ್ಲಿ ವೋಲ್ಟೇಜ್ 230.
40 ವ್ಯಾಟ್ ಬಲ್ಬ್ ಎಳೆಯೋದು ಸುಮಾರು 0.17 ಆಂಪಿಯರ್.
2000 ವ್ಯಾಟ್ ಇಂಡಕ್ಷನ್ ಒಲೆ ಎಳೆಯೋದು ಸುಮಾರು 8.7 ಆಂಪಿಯರ್.
ಅಂದ್ರೆ 50 ಪಟ್ಟು. ಆದರೆ ವೈರ್ ಬಿಸಿಯಾಗೋದು ಕರೆಂಟಿನ ವರ್ಗದ ಲೆಕ್ಕದಲ್ಲಿ. 50 ಗುಣಿಸು 50, ಅಂದ್ರೆ 2500 ಪಟ್ಟು ಬಿಸಿ, ಅದೇ ವೈರಿನೊಳಗೆ, ಗೋಡೆಯೊಳಗೆ, ಕಣ್ಣಿಗೆ ಕಾಣದ ಹಾಗೆ. ಸಡಿಲವಾದ ಜಾಯಿಂಟ್ ಒಂದಿದ್ರೆ ಮೊದಲು ಕರಗೋದು ಅಲ್ಲೇ. ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ದಪ್ಪ ತಂತಿ ಕಟ್ಟಿಬಿಟ್ರೆ, ಎಚ್ಚರಿಸೋ ನಾಯಿಯ ಬಾಯಿ ಕಟ್ಟಿದ ಹಾಗೆ.

5/7
ಮೂರು ಪಿನ್ನಿನ ಕಥೆ ಇನ್ನೂ ಸ್ವಾರಸ್ಯ. ನಮ್ಮ ದುಂಡು ಪಿನ್ ಬ್ರಿಟನ್ನಿನ 1934ರ ಬಿಎಸ್ 546 ಮಾನದಂಡದಿಂದ ಬಂದದ್ದು. ಸಣ್ಣದು 5 ಆಂಪಿಯರ್, ದೊಡ್ಡದು 15. ಈಗ ನಮ್ಮಲ್ಲಿ ಅವನ್ನೇ 6 ಮತ್ತು 16 ಅಂತೀವಿ. 1947ರಲ್ಲಿ ಬ್ರಿಟನ್ ಚಪ್ಪಟೆ ಪಿನ್ನಿನ ಹೊಸ ಮಾನದಂಡ ತಂತು. ನಾವು ದುಂಡು ಪಿನ್ನನ್ನೇ ಉಳಿಸಿಕೊಂಡ್ವಿ.
ದೊಡ್ಡ ಪಿನ್ ಸಣ್ಣ ತೂತಿಗೆ ಹೋಗಲ್ಲ, ಅಲ್ವಾ? ಓದು ಬಾರದವರಿಗೂ ಅರ್ಥವಾಗೋ ಸೂಚನೆ ಅದು: "ಈ ವೈರ್ ನನ್ನ ಭಾರ ಹೊರಲ್ಲ." ನಾವು ಅಂಗಡಿಗೆ ಹೋಗಿ ಕನ್ವರ್ಟರ್ ತಂದು ಆ ಸೂಚನೆಯ ಬಾಯಿ ಮುಚ್ಚಿಸ್ತೀವಿ.
ಮೇಲಿನ ಉದ್ದನೆ ಪಿನ್ ಅರ್ತಿಂಗ್‌ಗೆ. ಸಾಕೆಟ್ಟಿಗೆ ಮೊದಲು ಸೇರೋದು ಅದು, ಕೊನೆಗೆ ಬಿಡೋದೂ ಅದು. ಒಳಗೆ ಫೇಸ್ ವೈರ್ ಕಿತ್ತು ಲೋಹದ ಮೈಗೆ ತಾಗಿದ್ರೆ, ಕರೆಂಟ್ ಹಸಿರು ವೈರಲ್ಲಿ ನೆಲಕ್ಕೆ ಓಡುತ್ತೆ, ಫ್ಯೂಸ್ ಹಾರುತ್ತೆ. ಹಸಿರು ವೈರ್ ಇಲ್ಲದಿದ್ರೆ ಒಲೆ ಚೆನ್ನಾಗೇ ಉರೀತಿರುತ್ತೆ, ಲೋಹದ ಮೈ ಮಾತ್ರ ಯಾರದಾದರೂ ಒದ್ದೆ ಕೈಗೆ ಕಾಯ್ತಿರುತ್ತೆ. "ಇಷ್ಟು ದಿನ ಏನೂ ಆಗಿಲ್ಲ" ಅನ್ನೋ ಮಾತು ಅಪಾಯ ಇರೋದೇ ಇದಕ್ಕೆ.

6/7
ಯಂತ್ರ ಒಂದು ಅಡುಗೆಮನೆಗೆ, ನಾವು ಬಳಸೋದು ಇನ್ನೊಂದರಲ್ಲಿ ಅನ್ನೋ ತೊಂದರೆ ಹೊಸದೇನಲ್ಲ. 1963ರಲ್ಲಿ ಬಂದ ಸುಮೀತ್ ಮಿಕ್ಸಿ ಹುಟ್ಟಿದ್ದೇ ಹಾಗೆ. ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯ ಬ್ರೌನ್ ಮಿಕ್ಸರ್ ನಮ್ಮ ರುಬ್ಬೋ ಕೆಲಸ ತಡೀದೆ ಸುಟ್ಟುಹೋಯ್ತು. ಆಗ ಅವರು ಉದ್ದಿನಬೇಳೆ, ತೆಂಗಿನಕಾಯಿಗೆ ತಕ್ಕ ಮೋಟಾರೇ ಮಾಡಿದ್ರು. ಅವರು ಯಂತ್ರವನ್ನ ಮನೆಗೆ ಹೊಂದಿಸಿದ್ರು. ಒಲೆಯ ವಿಷಯದಲ್ಲಿ ಹೊಂದಿಕೋಬೇಕಾದ್ದು ನಮ್ಮ ಮನೆಯ ವೈರಿಂಗ್.

7/7
2023ರಿಂದ ಗೃಹಜ್ಯೋತಿ ಇದೆ, 200 ಯೂನಿಟ್ ಮಿತಿಯೊಳಗೆ ಉಚಿತ. ಬಿಲ್ಲಿನ ಭಯ ಕಡಿಮೆಯಾದಾಗ ಕರೆಂಟ್ ಒಲೆ ಮನೆಗೆ ಬರೋದು ಸಹಜ, ಬರಲಿ. ಸರ್ಕಾರ ಬಿಲ್ಲನ್ನ ಹಗುರ ಮಾಡಿದೆ, ಗೋಡೆಯೊಳಗಿನ ವೈರನ್ನ ದಪ್ಪ ಮಾಡಿಲ್ಲ.

ಈ ಭಾನುವಾರ ಇಷ್ಟು ಮಾಡಿ:
👉 ಸೆಸ್ಕ್ ಬಿಲ್ಲಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ನೋಡಿ.
👉 ಒಲೆಯ ಅಡಿಯಲ್ಲಿ ಎಷ್ಟು ವ್ಯಾಟ್ ಬರೆದಿದೆ ನೋಡಿ. 1380 ದಾಟಿದ್ರೆ 6 ಆಂಪಿಯರ್ ಸಾಕೆಟ್‌ಗೆ ಬೇಡ.
👉 ಒಲೆಯ ವೈರ್ ಕಿತ್ತಿದ್ರೆ ಟೇಪ್ ಸುತ್ತಬೇಡಿ, ಸರ್ವೀಸ್‌ಗೆ ಕೊಡಿ.
👉 ಅಡುಗೆಮನೆಗೆ ಹೊಸ ಲೈನ್ ಬೇಕಾದ್ರೆ ಲೈಸೆನ್ಸ್ ಇರೋ ಗುತ್ತಿಗೆದಾರರನ್ನೇ ಕರೆಸಿ. ಇದು 1956ರ ವಿದ್ಯುತ್ ನಿಯಮಗಳ ಕಾಲದಿಂದಲೂ ಇರೋ ಷರತ್ತು.

ಕೊನೇ ಮಾತು. ಆ ಪುಸ್ತಕ ಎಷ್ಟೋ ಸಲ ಬರೀ ಇಂಗ್ಲಿಷ್, ಹಿಂದೀಲಿ ಇರುತ್ತೆ. ಒಲೆ ಮುಂದೆ ದಿನಾ ನಿಲ್ಲೋದು ಅಮ್ಮ. ಮನೇಲಿ ಅದನ್ನ ಓದಬಲ್ಲವರು ನೀವೊಬ್ಬರೇ ಇರಬಹುದು. ಹತ್ತು ನಿಮಿಷ ಪಕ್ಕ ಕೂತು ಕನ್ನಡದಲ್ಲಿ ಓದಿ ಹೇಳಿ.

ಸೇವ್ ಮಾಡ್ಕೊಳ್ಳಿ, ಫ್ಯಾಮಿಲಿ ಗ್ರೂಪಿಗೆ ಕಳಿಸಿ 🙏
#ನಂಜನಗೂಡು #ಟಿನರಸೀಪುರ #ನಮ್ಮೂರಇತಿಹಾಸ #ಲೈಟ್‌ಬಿಲ್ಲು