ಮದ್ಯವ್ಯಸನದಿಂದ ಬಿಡುಗಡೆ: ಸಮೀಪದ ಸಹಾಯಕ ಬಳಗವನ್ನು ಕಂಡುಕೊಳ್ಳುವ ಬಗೆ

ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರು ಸಂಚರಿಸಿ, ಭಕ್ತರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅದು ‘ಮಹಾಂತ ಜೋಳಿಗೆ’ ಎಂದು ನಾಡಿನಲ್ಲಿ ಹೆಸರಾಯಿತು. ಅವರ ಜನ್ಮದಿನವಾದ ಆಗಸ್ಟ್ 1 ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲ್ಪಡುತ್ತಿದೆ. ಜೋಳಿಗೆಗೆ ಚಟವನ್ನು ಹಾಕುವುದು ಒಂದು ಕ್ಷಣದ ಸಂಕಲ್ಪ. ಅದನ್ನು ದಿನದಿನವೂ ಉಳಿಸಿಕೊಳ್ಳಲು ಸಂಗ ಬೇಕು. ಮಠದಲ್ಲಿ ಪ್ರತಿಜ್ಞೆ ಕೈಗೊಂಡವರಲ್ಲಿ ಕೆಲವರು ತಿಂಗಳೊಳಗೆ ಮತ್ತೆ ಕುಡಿತಕ್ಕೆ ಮರಳುವುದನ್ನು ನಾವು ಕಂಡಿದ್ದೇವೆ. ಅವರ ಭಕ್ತಿಗೆ ಕೊರತೆ ಇರಲಿಲ್ಲ. ಸಂಜೆಯ ಹೊತ್ತು ಅವರ ಜೊತೆ ಕುಳಿತು ಮಾತನಾಡುವವರು ಇರಲಿಲ್ಲ. ಅಂಥ ಬಳಗವನ್ನು ಹುಡುಕುವವರಿಗಾಗಿ ಈ ಮಾಹಿತಿಯನ್ನು ಒದಗಿಸುತ್ತಿದ್ದೇವೆ.

ಮೊದಲು ವೈದ್ಯರ ಭೇಟಿ

ಬಹುಕಾಲ ನಿತ್ಯವೂ ಹೆಚ್ಚು ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ ತೋರಬಹುದು. ಮೊದಲೆರಡು ದಿನಗಳಲ್ಲಿ ಫಿಟ್ಸ್, ಎರಡು ಮೂರು ದಿನಗಳ ಬಳಿಕ ಭ್ರಮೆ, ದಿಕ್ಕುತಪ್ಪಿದ ಮಾತು ಕಾಣಿಸಿಕೊಳ್ಳಬಹುದು. ಇದು ಪ್ರಾಣಕ್ಕೆ ಎರವಾಗುವ ಸ್ಥಿತಿ. ಗಾಳಿ ಸೋಂಕಿತೆಂದು ಕಾಲಹರಣ ಮಾಡದೆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಆದ್ದರಿಂದ ಪ್ರತಿಜ್ಞೆಗೆ ಮುನ್ನವೇ ವೈದ್ಯರನ್ನು ಕಾಣುವುದು ಕ್ಷೇಮ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲಿ ಇದಕ್ಕೆ ಚಿಕಿತ್ಸೆ ಲಭ್ಯವಿದೆ.

ಕುಡಿಯುವವರಿಗೆ ತಿಳಿಯದಂತೆ ಸಾರು, ಮಜ್ಜಿಗೆಯಲ್ಲಿ ಮಾತ್ರೆ ಅಥವಾ ಪುಡಿ ಬೆರೆಸಿ ಕೊಡುವ ರೂಢಿಯನ್ನು ಸರ್ವಥಾ ಕೈಬಿಡಬೇಕು. ಡೈಸಲ್ಫಿರಾಮ್‌ನಂಥ ಔಷಧ ಸೇವಿಸಿದವರು ಮದ್ಯ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೆ ಅಪಾಯವಾಗಬಹುದು.

ಯಾವ ಬಳಗಗಳಿವೆ?

ಆಲ್ಕೋಹಾಲಿಕ್ಸ್ ಅನಾನಿಮಸ್ (ಎ.ಎ.): 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ನಗರದಲ್ಲಿ, ಕುಡಿತದಿಂದ ನೊಂದ ಇಬ್ಬರ ಭೇಟಿಯಿಂದ ಆರಂಭವಾದ ಬಳಗವಿದು. ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಸದಸ್ಯತ್ವಕ್ಕೆ ಅರ್ಹತೆ, ಶುಲ್ಕವಿಲ್ಲ. ಅಲ್ಲಿ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಬಳಗವು ಯಾವ ಮತಕ್ಕೂ ಸೇರಿದ್ದಲ್ಲ. ಅದರ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆಯಾದರೂ, ಆ ದೇವರನ್ನು ಅವರವರ ಅರಿವಿನಂತೆ ಭಾವಿಸಬಹುದು. ಇಷ್ಟಲಿಂಗನಿಷ್ಠರು ಸಂಕೋಚಪಡಬೇಕಾಗಿಲ್ಲ.

ಅಲ್-ಅನಾನ್: ಕುಡಿಯುವವರ ಪತ್ನಿ, ತಂದೆತಾಯಿ, ಬಂಧುಗಳಿಗಾಗಿ 1951ರಿಂದ ಇರುವ ಪ್ರತ್ಯೇಕ ಬಳಗ. ಕುಡಿಯುವವರು ಇನ್ನೂ ನಿಲ್ಲಿಸದಿದ್ದರೂ ಮನೆಯವರು ಸೇರಬಹುದು.

ನವಜೀವನ ಸಮಿತಿ: ಶ್ರೀ ಕ್ಷೇತ್ರ ಧರ್ಮಸ್ಥಳದ ಆಶ್ರಯದ ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆಯು ನಡೆಸುವ ಮದ್ಯವರ್ಜನ ಶಿಬಿರಗಳನ್ನು ಪೂರೈಸಿದವರು ಇದರಲ್ಲಿ ಒಟ್ಟುಗೂಡುತ್ತಾರೆ. ಸಮೀಪದ ಗ್ರಾಮಾಭಿವೃದ್ಧಿ ಯೋಜನೆಯ ಕಚೇರಿಯಲ್ಲಿ ವಿಚಾರಿಸಬಹುದು.

ಹುಡುಕುವ ಕ್ರಮ

1. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416. ಎರಡೂ ಉಚಿತ ಕರೆಗಳು. ನಿಮ್ಮ ಜಿಲ್ಲೆಯನ್ನು ತಿಳಿಸಿ, ಸಮೀಪದ ಕೇಂದ್ರವನ್ನು ಕೇಳಿರಿ.

2. ಚಿಕಿತ್ಸೆ ನೀಡಿದ ಆಸ್ಪತ್ರೆಯ ಆಪ್ತಸಮಾಲೋಚಕರಲ್ಲಿ, ಸಭೆ ನಡೆಯುವ ಸ್ಥಳ, ವಾರ ಮತ್ತು ಭಾಷೆಯನ್ನು ವಿಚಾರಿಸಿರಿ. ಕನ್ನಡದಲ್ಲಿ ನಡೆಯುವ ಸಭೆಯನ್ನೇ ಕೇಳಿ ಪಡೆಯಿರಿ.

3. ಮನೆಯವರು ಜೊತೆಗೆ ಹೋಗಬೇಕಾದರೆ ಅದು ಎಲ್ಲರಿಗೂ ಪ್ರವೇಶವಿರುವ ಮುಕ್ತ ಸಭೆಯೇ ಎಂದು ಮೊದಲೇ ತಿಳಿದುಕೊಳ್ಳಿರಿ.

4. ಗುರುತಿನವರು ಕಂಡಾರೆಂಬ ಅಳುಕಿದ್ದರೆ ಪಕ್ಕದ ಪಟ್ಟಣದ ಸಭೆಗೆ, ಇಲ್ಲವೇ ಮೊಬೈಲಿನ ಮೂಲಕ ನಡೆಯುವ ಸಭೆಗೆ ಸೇರಬಹುದು.

5. ನೂರಕ್ಕೆ ನೂರು ಗುಣಪಡಿಸುವ ಭರವಸೆ, ಕೂಡಿಹಾಕುವುದು, ಹೊಡೆತ, ಹೆಸರು ಹೇಳದ ಔಷಧ ಇರುವೆಡೆಯಿಂದ ದೂರವಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯವ್ಯಸನಿಗಳಿಗೂ ಅನ್ವಯಿಸುತ್ತದೆ. ಕ್ರೂರ ವರ್ತನೆಯಿಂದ ರಕ್ಷಣೆ ಅವರ ಹಕ್ಕು.

ಮೊದಲ ಸಭೆಯಲ್ಲಿ

ಮಾತನಾಡಲೇಬೇಕೆಂಬ ಒತ್ತಾಯವಿಲ್ಲ, ಕೇಳುತ್ತ ಕುಳಿತರೂ ಸಾಕು. ಒಂದೇ ಸಭೆಯಿಂದ ಅಭಿಪ್ರಾಯ ತಳೆಯದೆ ನಾಲ್ಕಾರು ಸಭೆಗಳಿಗೆ ಹೋಗಿ ನೋಡಬೇಕು. ‘ಇಂದು ಒಂದು ದಿನ ಕುಡಿಯುವುದಿಲ್ಲ’ ಎಂಬುದೇ ಅಲ್ಲಿಯ ಅಭ್ಯಾಸ. ನಡುವೆ ಎಡವಿ ಕುಡಿದವರನ್ನೂ ಬಳಗ ಹೊರಗಿಡುವುದಿಲ್ಲ. ಮನೆಯವರೂ ಹಾಗೆಯೇ ನಡೆದುಕೊಂಡು, ಮರುದಿನವೇ ಅವರನ್ನು ಸಭೆಗೆ ಕಳುಹಿಸಬೇಕು.

ಊರಿನಲ್ಲಿ ಬಳಗವೇ ಇಲ್ಲದಿದ್ದರೆ

ಕುಡಿತ ಬಿಡಬಯಸುವ ಇಬ್ಬರು ಮೂವರು ನಿಯತವಾಗಿ ಸೇರಿದರೂ ಅದು ಎ.ಎ. ಬಳಗವೇ. ಅವರಿಗೆ ಬೇಕಾದುದು ವಾರಕ್ಕೊಂದು ಸಂಜೆ, ಶಾಂತವಾದ ಒಂದು ಕೋಣೆ. ಊರಿನ ಮಠ, ಶಾಲೆ, ಸಮುದಾಯ ಭವನಗಳ ಹಿರಿಯರು ಅಂಥ ಕೋಣೆಯನ್ನು ಒದಗಿಸಿಕೊಟ್ಟು, ಒಳಗಿನ ಮಾತಿಗೆ ಕಿವಿಗೊಡದೆ ಇದ್ದರೆ ಅದೇ ದೊಡ್ಡ ದಾಸೋಹ. ಹೆಂಡ ಮಾರುವ ಕಾಯಕದ ಮಾರಯ್ಯನವರೂ ಶರಣರ ಸಾಲಿನಲ್ಲಿ ವಚನಕಾರರಾಗಿ ನಿಂತ ಪರಂಪರೆ ನಮ್ಮದು. ಕುಡಿತದಿಂದ ನೊಂದು ಬಂದವರನ್ನು ‘ಇವ ಯಾರು’ ಎಂದು ಕೇಳದೆ ಕೂರಿಸಿಕೊಳ್ಳುವುದು ಆ ಪರಂಪರೆಗೆ ನಾವು ಸಲ್ಲಿಸಬೇಕಾದ ಸೇವೆ.